ಗುಮ್ಮಟಕ್ಕೆ ಲೈಟು ಹಚ್ಚಿದ್ದು

ಗುಮ್ಮಟಕ್ಕೆ ಲೈಟು ಹಚ್ಚಿದವನು ನಾನೇ. ಇದನ್ನು ಓದಿ ಪ್ರವಾಸಿಗರು ಕ್ಯಾಮೆರಾ ಹಿಡಿದು ಓಡಿ ಬರಬಾರದು. ಗೋಳಗುಮ್ಮಟ ತನ್ನ ಜಾಗದಲ್ಲಿ 1656ರಿಂದ ನಿಂತ ಹಾಗೆಯೇ ನಿಂತಿದೆ. ನಾನು ಹೇಳುತ್ತಿರುವ ಗುಮ್ಮಟ ಎರಡು ಕೆಜಿ ತೂಗುವ ಕಂದು ಬಣ್ಣದ ಜವಾರಿ ಕೋಳಿ.

ವಿಜಯಪುರದಲ್ಲಿ ಹುಟ್ಟಿ ಬೆಳೆದವನು ಕೋಳಿಗೆ ಹೆಸರು ಹುಡುಕಲು ಬೇರೆ ಊರಿಗೆ ಯಾಕೆ ಹೋಗಬೇಕು? ದುಂಡಗಿದ್ದದ್ದು ಗುಮ್ಮಟ. ಕಂಪೌಂಡ್ ಗೋಡೆ ಹತ್ತಿ ಕತ್ತು ಉದ್ದ ಮಾಡಿ ಓಣಿ ಕಾಯುವುದು ಉಪ್ಪಲಿ ಬುರುಜು. ಒಂದೇ ಅಚ್ಚಿನ ಅಕ್ಕತಂಗಿಯರಿಬ್ಬರು ಜೋಡಗುಮ್ಮಟ. ದಿನಕ್ಕೆ ನಾಲ್ಕು ಸಲ ಬುಟ್ಟಿಯಲ್ಲಿ ಕುಳಿತು, ಓಣಿಗೆಲ್ಲ ಕೇಳುವಂತೆ ಕೂಗಿ, ಏನೂ ಇಡದೆ ಎದ್ದು ಬರುವುದು ಬಾರಾಕಮಾನ. ಎರಡನೆಯ ಅಲಿ ಆದಿಲಶಾಹನ ಗೋರಿ ಕಮಾನುಗಳಿಗೇ ನಿಂತುಹೋಯಿತಲ್ಲ, ಇದರ ಕೆಲಸವೂ ಹಾಗೆಯೇ. ಇನ್ನು ಹುಂಜ. ಅದರ ಕಂಠ ಕೇಳಿದ ಮೇಲೆ ಮಲಿಕ್-ಎ-ಮೈದಾನ ಅಲ್ಲದೆ ಬೇರೆ ಹೆಸರು ಹೊಳೆಯಲಿಲ್ಲ. ಆ 55 ಟನ್ನಿನ ತೋಪಿಗೆ ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ನಮ್ಮ ಮಗ್ಗಲ ಮನೆಯವರಿಗೆ ಆ ಅನುಕೂಲವೂ ಇಲ್ಲ. ಅವರ ನೀರಿನ ಟಾಕಿ ಮಾಳಿಗೆಯ ಮೇಲಿದೆ.

ಇವೆಲ್ಲ ಮೂಲತಃ ಬಬಲೇಶ್ವರದವು. ಅವ್ವ ಅಲ್ಲಿಂದ ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ತಂದಳು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅವ್ವನಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಆಕೆಗೆ ಸೊನ್ನೆ ರೂಪಾಯಿಯ ಟಿಕೀಟು ಹರಿದುಕೊಟ್ಟು, ಕೋಳಿಗಳಿಗೆ ದುಡ್ಡು ಕೇಳಿದನಂತೆ.

"ಇವೂ ಹೆಣ್ಣ ಅದಾವಲ್ಲೋ ತಮ್ಮಾ?"

"ಆಧಾರ ಕಾರ್ಡ ತೋರಸ್ರಿ ಆಯಿ, ಬಿಡ್ತೀನಿ."

ಹುಂಜದ ವಿಷಯದಲ್ಲಿ ಮಾತ್ರ ಅವ್ವ ತಕರಾರು ತೆಗೆಯಲಿಲ್ಲ. ಗಂಡಸು, ಕೊಡಲಿ ಅಂದಳು.

ಗಣಪತಿ ಕೂತಾಗ ನಮಗೆ ದಿನಕ್ಕೆ ಮೂರು ತತ್ತಿ ಸಿಗುತ್ತಿದ್ದವು. ದಸರೆಗೆ ಎರಡಾಯಿತು. ದೀಪಾವಳಿಗೆ ಒಂದು. ಕಾರ್ತಿಕ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಬರೀ ಹುಲ್ಲು. ಜೋಳ ತಿನ್ನುವುದರಲ್ಲಿ ಮಾತ್ರ ಐವರೂ ಒಂದು ಕಾಳಿನ ರಿಯಾಯಿತಿ ತೋರಿಸಿರಲಿಲ್ಲ.

"ರೀ, ನಿಮ್ಮ ಗುಮ್ಮಟದಾಗ ಬರೇ ದನಿ ಬರ್ತೈತಿ ನೋಡ್ರಿ. ತತ್ತಿ ಬರವಲ್ದು" ಅಂದಳು ಮನೆಯಾಕೆ, ಖಾಲಿ ಬುಟ್ಟಿ ನನ್ನ ಮುಂದೆ ಹಿಡಿದು.

ಅವ್ವನಿಗೆ ಫೋನು ಹಚ್ಚಿದೆ. "ಥಂಡಿ ಬಿತ್ತಪಾ. ಕೋಳಿಗೂ ಒಂದಿಷ್ಟ ದಮ್ಮ ಬ್ಯಾಡೇನು? ಶಿವರಾತ್ರಿ ಆದಮ್ಯಾಲೆ ತಾವ ಇಡ್ತಾವು. ಸುಮ್ಮಿರು."

ಸುಮ್ಮನಿರುವುದೊಂದನ್ನು ಬಿಟ್ಟು ನನಗೆ ಎಲ್ಲ ಬರುತ್ತದೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಮಕ್ಕಳಿಗೆ ಪ್ರಯೋಗ ಬರೆಸಿದ್ದೇ ಹೆಚ್ಚು, ಮಾಡಿದ್ದು ಕಡಿಮೆ. ಆ ಬಾಕಿ ತೀರಿಸಲು ಐದು ಕೋಳಿ ಕೈಗೆ ಸಿಕ್ಕಿದ್ದವು. ಓದಲು ಕುಳಿತೆ.

ಓದಿ ತಿಳಿದದ್ದು ಇಷ್ಟು: ಕೋಳಿಗೆ ಚಳಿಗಿಂತ ಬೆಳಕಿನ ಲೆಕ್ಕ ದೊಡ್ಡದು. ಪೂರ್ತಿ ಕಸುವಿನಿಂದ ತತ್ತಿ ಇಡಬೇಕಾದರೆ ಅದಕ್ಕೆ ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ನಮ್ಮೂರಿನಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲು 13 ತಾಸು ಚಿಲ್ಲರೆ, ಡಿಸೆಂಬರ್ 21-22ರ ಅತಿ ಸಣ್ಣ ಹಗಲು 11 ತಾಸು ಚಿಲ್ಲರೆ. ಲಂಡನ್ನಿನಲ್ಲಿ ಆ ಹೊತ್ತಿಗೆ ಹಗಲು ಎಂಟು ತಾಸಿಗೆ ಇಳಿದಿರುತ್ತದೆ, ಅಲ್ಲಿಯ ಕೋಳಿ ಮುನಿಸಿಕೊಂಡರೆ ಒಂದು ಅರ್ಥವಿದೆ. ನಮ್ಮವು ಎರಡು ತಾಸಿಗೇ ಮುಷ್ಕರ ಹೂಡಿದ್ದವು.

ಇನ್ನೊಂದು ಸಂಗತಿ ಓದಿ ನಾನೇ ಬೆರಗಾದೆ. ಹಕ್ಕಿಗೆ ಈ ಬೆಳಕು ಕಣ್ಣಿನಿಂದಲೇ ಹೋಗಬೇಕೆಂದಿಲ್ಲ. ತೆಳ್ಳಗಿನ ತಲೆಬುರುಡೆಯನ್ನು ದಾಟಿ ನೇರ ಮಿದುಳಿಗೆ ಮುಟ್ಟುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದ. ಕೆಂಪು ಬೆಳಕಾದರೆ ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ. ಮಿದುಳು ಹಾರ್ಮೋನು ಕಳಿಸುತ್ತದೆ, ಅಂಡಾಶಯ ಕೆಲಸಕ್ಕೆ ಹತ್ತುತ್ತದೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಬಹಳ ಹುರುಪಿನಿಂದ ವಿವರಿಸಿದೆ.

"ಹಂಗಂದ್ರ ಈಗ ತಿಳೀತು ಬಿಡ್ರಿ" ಅಂದಳು ಆಕೆ, ರೊಟ್ಟಿ ಹಾಕುತ್ತ. "ಇಪ್ಪತ್ತ ವರ್ಷದಿಂದ ನಾ ಹೇಳಿದ್ದ ಒಂದೂ ನಿಮ್ಮ ತಲ್ಯಾಗ ಯಾಕ ಇಳಿವಲ್ದು ಅಂತಿದ್ದೆ. ಬುರುಡಿ ದಪ್ಪ ಐತಿ."

ಎಸ್ಸೆಸ್ಸೆಲ್ಸಿ ಓದುವ ಮಗಳು ನಕ್ಕಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಟಿಕೋಟಾದಲ್ಲಿರುವ ನನ್ನ ಹೆಂಡತಿಯ ತಮ್ಮನ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಹೊಟ್ಟೆಗಿಳಿದ ಮೇಲೆ ದ್ರಾಕ್ಷಿ ಪಡದ ನೆರಳಿನಲ್ಲಿ ನನ್ನ ಭಾಷಣ ಶುರುವಾಯಿತು. ಆತ ದ್ರಾಕ್ಷಿ ಬೆಳೆಯುವವನು. ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸದೆ ಬಿಸಿಲಿಗಿಟ್ಟರೆ ಕಪ್ಪಾಗಿ ದರ ಬೀಳುತ್ತದೆ ಎಂದು ಬಲ್ಲವನು. ಬೆಳಕಿನ ಲಾಭ ನಷ್ಟ ಎರಡೂ ಅವನಿಗೆ ಗೊತ್ತು.

"ಮಾಮಾ, ಈಗ ಡ್ರ್ಯಾಗನ್ ಫ್ರೂಟಿನವ್ರೂ ಥಂಡ್ಯಾಗ ರಾತ್ರಿ ಲೈಟ ಹಚ್ಚಿ ಹೂ ಬಿಡಸ್ತಾರ. ಕೋಳಿ ಏನ ದೊಡ್ಡ ಮಾತು? ಹಚ್ಚಿ ಬಿಡ್ರಿ."

"ಸೇವಂತಿಗೆ ಲೈಟ್ ಹಚ್ಚಿದರೆ ಮಾತ್ರ ಉಲ್ಟಾ" ಎಂದು ನಾನು ಪಾಂಡಿತ್ಯ ತೋರಿಸಿದೆ. "ರಾತ್ರಿ ಸಣ್ಣದಾಯಿತೆಂದು ತಿಳಿದು ಅದು ಹೂ ಬಿಡುವುದನ್ನೇ ಮುಂದೂಡುತ್ತದೆ." ಒಂದೇ ಬಲ್ಬು ಒಬ್ಬರಿಗೆ ಬಾ ಅನ್ನುತ್ತದೆ, ಇನ್ನೊಬ್ಬರಿಗೆ ತಡಿ ಅನ್ನುತ್ತದೆ. ನನ್ನ ಕೋಳಿಗಳು ಯಾವ ಪಕ್ಷ ಎಂದು ನಾನು ಆ ಹೊತ್ತಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಯಾಕೆಂದರೆ ಆತ ಪಂಪಿನ ಮನೆಯಿಂದ ಹಳೆಯ ನೂರು ವ್ಯಾಟಿನ ಬಲ್ಬೊಂದನ್ನು ತಂದು ಕೈಗಿಟ್ಟ. ಪುಕ್ಕಟೆ. ನನ್ನ ವಿಜ್ಞಾನಕ್ಕೆ ಪುಕ್ಕಟೆ ಸಾಮಾನು ಸಿಕ್ಕರೆ ಮುಂದಿನ ಪ್ರಶ್ನೆಗಳು ಏಳುವುದಿಲ್ಲ.

ಮರುದಿನ ಸಂಜೆ ಆರಕ್ಕೆ ಸೂರ್ಯ ಮುಳುಗಿದ, ನಾನು ಬಲ್ಬು ಹಾಕಿದೆ. ಬೆಳಗಿನ ಏಳರಿಂದ ರಾತ್ರಿ ಹನ್ನೊಂದರವರೆಗೆ ಬರೋಬ್ಬರಿ 16 ತಾಸು. ಬೆಳಕನ್ನು ವಾರಕ್ಕೆ ಅರ್ಧ ತಾಸು, ಒಂದು ತಾಸಿನಂತೆ ಏರಿಸಬೇಕು ಎಂದು ಓದಿದ್ದೆ. ಆದರೆ ಅರ್ಧ ತಾಸಿಗೋಸ್ಕರ ಏಣಿ ಹತ್ತಿ ಬಲ್ಬು ಕಟ್ಟಿದವನಂತೆ ಕಾಣುವುದು ನನಗೆ ಇಷ್ಟವಿರಲಿಲ್ಲ. ಒಮ್ಮೆಲೇ ಐದು ತಾಸು ಏರಿಸಿದೆ.

ಹಿತ್ತಲು ಜಾತ್ರೆಯಂತೆ ಬೆಳಗಿತು. ಕೋಳಿಗಳು ಗೂಡಿನಿಂದ ಹೊರಬಂದು ಒಂದರ ಮುಖ ಒಂದು ನೋಡಿದವು. ಆಮೇಲೆ ಮತ್ತೊಮ್ಮೆ ಜೋಳ ತಿನ್ನತೊಡಗಿದವು. ಹತ್ತೂಮುಕ್ಕಾಲಿಗೆ ಮಲಿಕ್-ಎ-ಮೈದಾನ ರೆಕ್ಕೆ ಬಡಿದು ಗುಂಡು ಹಾರಿಸಿತು. ಮಗ್ಗಲ ಮನೆಯ ಅಜ್ಜ ದಿನವೂ ನಮ್ಮ ಹುಂಜದ ಕೂಗಿಗೇ ಎದ್ದು ಸ್ನಾನ ಮುಗಿಸಿ ಗುಮ್ಮಟದ ಕಡೆ ವಾಕಿಂಗ್ ಹೋಗುವವರು. ಅವರು ಗಡಿಯಾರ ನೋಡುವ ಪದ್ಧತಿ ಬಿಟ್ಟು ಬಹಳ ದಿನವಾಗಿತ್ತು. ಆ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು, ವಿಭೂತಿ ಹಚ್ಚಿ, ಮಫ್ಲರ್ ಸುತ್ತಿ ಬೀದಿಗಿಳಿದರು. ಕೂಟಿನಲ್ಲಿ ಬೀಟಿನ ಪೊಲೀಸಪ್ಪ ತಡೆದು, ಈ ಹೊತ್ತಿನಲ್ಲಿ ಎಲ್ಲಿಗೆ ಹೊಂಟೀರಿ ಯಜಮಾನ್ರ ಅಂದನಂತೆ. ಬೆಳಗಿನ ವಾಕಿಂಗಿಗೆ ಅಂದರಂತೆ. ಆತ ಅವರನ್ನು ಕೈ ಹಿಡಿದು ಮನೆಗೆ ತಂದು ಬಿಟ್ಟು, ಹಿರಿಯರನ್ನ ಒಬ್ಬರನ್ನ ಹೊರಗ ಬಿಡಬ್ಯಾಡ್ರಿ ಎಂದು ಮಗನಿಗೆ ಬುದ್ಧಿ ಹೇಳಿ ಹೋದ. ಅಜ್ಜ ಮುಂದೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಂತರ ಮಾತಾಡಿದ್ದು ನೋಡಿದರೆ ಆ ವಾರವೇ ಚೆನ್ನಾಗಿತ್ತು.

ಹನ್ನೊಂದಕ್ಕೆ ಬಲ್ಬು ಆರಿಸಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಸಂಜೆಯ ಬೆಳಕು ನಿಧಾನಕ್ಕೆ ಇಳಿಯುವಾಗ ಅವು ತಾವಾಗಿ ಗೂಡು ಸೇರಿ, ಬಡಿಗೆಯ ಮೇಲೆ ಕೂಡುತ್ತವೆ. ನಾನು ಸೂರ್ಯನನ್ನು ಸ್ವಿಚ್ಚಿನಿಂದ ಮುಳುಗಿಸಿದ್ದೆ. ಐದೂ ಎಲ್ಲಿದ್ದವೋ ಅಲ್ಲೇ ಕಲ್ಲಾದವು. ಟಾರ್ಚು ಹಿಡಿದು ಒಂದೊಂದನ್ನೇ ಎತ್ತಿ ಗೂಡಿಗೆ ಹಾಕಬೇಕಾಯಿತು. ಉಪ್ಪಲಿ ಬುರುಜು ಗೋಡೆಯ ಮೇಲಿತ್ತು, ಅದಕ್ಕೆ ಏಣಿ. ಹುಂಜಕ್ಕೆ ಕಂಬಳಿ. ಹೀಗೆ ಹನ್ನೆರಡು ರಾತ್ರಿ. ಒಂಬತ್ತೂವರೆಗೆ ಮಲಗುತ್ತಿದ್ದ ನಾನು ಹನ್ನೆರಡರವರೆಗೆ ಎಚ್ಚರವಿರತೊಡಗಿದೆ. ಕ್ಲಾಸಿನಲ್ಲಿ ನ್ಯೂಟನ್ನನ ಮೂರನೆಯ ನಿಯಮ ಹೇಳುತ್ತಿದ್ದಾಗ ನಿದ್ದೆ ಬಂದು ಎರಡನೆಯದನ್ನೇ ಮತ್ತೆ ಹೇಳಿದೆ. ಹುಡುಗರು ಎರಡನ್ನೂ ಬರೆದುಕೊಂಡರು.

ಆಮೇಲೆ ಪುಸ್ತಕದ ಮುಂದಿನ ಪುಟ ಓದಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಲೈಟು ಸಂಜೆ ಬೇಡ, ಬೆಳಗಿನ ಜಾವ ಹಾಕಿ, ಆಗ ಸಂಜೆ ಅವು ಸೂರ್ಯನ ಜೊತೆಗೇ ಮಲಗುತ್ತವೆ. ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಇಪ್ಪತ್ತೆರಡು ವರ್ಷ ಹೇಳಿದವನ ಕಥೆ ಇದು.

ಬೆಳಗಿನ ಜಾವ ಅಂದರೆ ನಾಲ್ಕು ಗಂಟೆ. ವಿಜಯಪುರದ ಡಿಸೆಂಬರ್ ಚಳಿ ಬಯಲಿನ ಚಳಿ, ತಡೆಯಲು ಗಿಡ ಇಲ್ಲ, ಗುಡ್ಡ ಇಲ್ಲ. ರಗ್ಗಿನಿಂದ ಕಾಲು ಹೊರಗಿಡುವ ಬದಲು 450 ರೂಪಾಯಿ ಕೊಟ್ಟು ಟೈಮರ್ ತಂದೆ. ಮುಳ್ಳು ತಿರುಗಿಸಿ ಹೊತ್ತು ಇಟ್ಟರೆ ತಾನೇ ಹತ್ತಿ ತಾನೇ ಆರುವಂಥದ್ದು. ನಾಲ್ಕಕ್ಕೆ ಹತ್ತಲಿ, ಏಳಕ್ಕೆ ಆರಲಿ ಎಂದು ಇಟ್ಟೆ. ಹದಿನಾಲ್ಕು ತಾಸು ಬೆಳಕು, ನನಗೆ ಪೂರ್ತಿ ನಿದ್ದೆ. ಎರಡು ದಿನ ನಾನು ಎಡಿಸನ್ನನ ಗತ್ತಿನಲ್ಲಿ ಓಡಾಡಿದೆ.

ಆ ಟೈಮರ್ ಕರೆಂಟಿನ ಮೇಲೆ ತಿರುಗುವ ಗಡಿಯಾರ. ಕರೆಂಟು ಹೋದಷ್ಟು ಹೊತ್ತು ಅದೂ ನಿಂತಿರುತ್ತದೆ. ಬಂದ ಮೇಲೆ, ನಿಂತಲ್ಲಿಂದಲೇ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಮೊದಲ ದಿನ ಅರ್ಧ ತಾಸು ಹಿಂದೆ ಬಿತ್ತು, ಮರುದಿನ ಒಂದು ತಾಸು. ವಾರ ಕಳೆಯುವುದರಲ್ಲಿ ನಮ್ಮ ಗೂಡಿನಲ್ಲಿ ಬೆಳಗಿನ ನಾಲ್ಕು ಗಂಟೆ ಹತ್ತಕ್ಕೆ ಬರುತ್ತಿತ್ತು. ಹಾಡುಹಗಲು, ಸೂರ್ಯನ ಎದುರಿಗೆ, ನೂರು ವ್ಯಾಟಿನ ಬಲ್ಬು ನಿಷ್ಠೆಯಿಂದ ಮಧ್ಯಾಹ್ನ ಒಂದರವರೆಗೆ ಉರಿಯುತ್ತಿತ್ತು. ನಾನು ಆಗ ಶಾಲೆಯಲ್ಲಿ ಶಕ್ತಿಯ ಸಂರಕ್ಷಣೆ ಪಾಠ ಮಾಡುತ್ತಿದ್ದೆ.

ಹೊತ್ತು ಸರಿ ಮಾಡಿದೆ. ತತ್ತಿ ಮಾತ್ರ ಬರಲಿಲ್ಲ. ಕಾರಣ ಹುಡುಕುತ್ತ ಹೋದಂತೆ ಒಂದೊಂದು ಕೋಳಿಗೂ ಒಂದೊಂದು ಸಿಕ್ಕಿತು. ಗುಮ್ಮಟ ರೆಕ್ಕೆಪುಕ್ಕ ಉದುರಿಸಿಕೊಂಡು ಹೊಸದು ಬೆಳೆಸುತ್ತಿತ್ತು. ಪುಕ್ಕವೆಂದರೆ ಹೆಚ್ಚುಕಡಿಮೆ ಬರೀ ಪ್ರೋಟೀನು. ತಿಂದದ್ದೆಲ್ಲ ಅಂಗಿಗೆ ಹೋದರೆ ತತ್ತಿಗೆ ಎಲ್ಲಿಂದ ಬರಬೇಕು?

"ಅದು ಅರವಿ ಬದಲಿ ಮಾಡಾಕತ್ತೈತಿ. ಅಂಥಾ ಹೊತ್ತಿನ್ಯಾಗ ಮುಖದ ಮ್ಯಾಲೆ ಲೈಟ ಬಿಡತೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ?" ಅಂದಳು ಮನೆಯಾಕೆ.

ಜೋಡಗುಮ್ಮಟದ ಅಕ್ಕ ಕಾವಿಗೆ ಕುಳಿತಿತ್ತು, ತತ್ತಿ ಇಲ್ಲದೆ, ಒಂದು ದುಂಡಗಿನ ಆಲೂಗಡ್ಡೆಯ ಮೇಲೆ. ತಂಗಿ ಅದರ ಪಕ್ಕ ಸಾಥ್ ಕೊಡುತ್ತಿತ್ತು. ಬಾರಾಕಮಾನದ ಬಗ್ಗೆ ಹೇಳುವುದೇ ಬೇಡ. ಉಳಿದದ್ದು ಉಪ್ಪಲಿ ಬುರುಜು. ಒಂದು ಮುಂಜಾನೆ ಅದು ಇಟ್ಟಿತು! ಓಡಿ ಹೋಗಿ ಎತ್ತಿದರೆ ಕೈಯಲ್ಲಿ ನೀರು ತುಂಬಿದ ಪುಗ್ಗಿಯಂತೆ ಮೆತ್ತಗೆ ಅಲುಗಿತು. ಚಿಪ್ಪೇ ಇಲ್ಲ. ಒಂದು ತತ್ತಿ ತಯಾರಾಗಲು ಸುಮಾರು 25 ತಾಸು ಬೇಕು, ಅದರಲ್ಲಿ 20 ತಾಸು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಒಂದು ಚಿಪ್ಪಿಗೆ ಎರಡು ಗ್ರಾಮಿನಷ್ಟು ಕ್ಯಾಲ್ಸಿಯಂ. ನಾನು ಕೊಡುತ್ತಿದ್ದದ್ದು ಜೋಳ ಮತ್ತು ಬೆಳಕು. ಬೆಳಕಿನಲ್ಲಿ ಸುಣ್ಣ ಇರುವುದಿಲ್ಲ.

810 ರೂಪಾಯಿಯ ಲೇಯರ್ ಫೀಡಿನ ಚೀಲ ತಂದೆ. ತರುವಾಗ ಅಂಗಡಿಯವ ಕೇಳಿದ, "ಯಾವ ಕೋಳಿ ಸರ, ಲೆಗ್‌ಹಾರ್ನೋ, ಗಿರಿರಾಜೋ?" ಜವಾರಿ ಅಂದೆ. ಆತ ನನ್ನ ಮುಖ ನೋಡಿ ಏನೂ ಅನ್ನದೆ ಚೀಲ ಗಾಡಿಗೆ ಕಟ್ಟಿದ. ದಾರಿಯಲ್ಲಿ ನನಗೆ ಹೊಳೆಯಿತು. ಹೊಸಪೇಟೆ, ದಾವಣಗೆರೆ ಕಡೆಯ ದೊಡ್ಡ ಶೆಡ್ಡುಗಳಲ್ಲಿ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ ಮುನ್ನೂರರ ಆಸುಪಾಸು ತತ್ತಿ ಇಡುತ್ತದೆ. ಲೈಟಿನ ಲೆಕ್ಕ ಬರೆದದ್ದೆಲ್ಲ ಅದಕ್ಕಾಗಿ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ಕೂಡ ನೂರೈವತ್ತರ ಹತ್ತಿರ ಹೋಗುತ್ತದೆ. ಅವ್ವನ ಜವಾರಿ ಕೋಳಿ ಇಡುವುದು ವರ್ಷಕ್ಕೆ ಐವತ್ತು ಅರವತ್ತು. ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂಡುವುದು ಅದರ ಜಾತಿಗುಣ. ಮೆಡಿಕಲ್ ಕೋಚಿಂಗಿನ ಪುಸ್ತಕ ಹಿಡಿದು ಬಾಲವಾಡಿಗೆ ಪಾಠ ಮಾಡಿದ್ದೆ ನಾನು.

ಜನವರಿ ಕೊನೆಗೆ ಮೀಟರ್ ಓದುವ ಹುಡುಗ ಬಂದ. ಗೃಹಜ್ಯೋತಿ ಶುರುವಾದಾಗಿನಿಂದ ನಮ್ಮ ಮನೆಗೆ ಸೊನ್ನೆ ಬಿಲ್ಲು. ನಮ್ಮ ಸರಾಸರಿ 58 ಯುನಿಟ್, ಅದರ ಮೇಲೆ ಶೇಕಡಾ ಹತ್ತು ಸೇರಿಸಿ 64ರವರೆಗೆ ಪುಕ್ಕಟೆ. ಅದನ್ನು ಮನೆಯಾಕೆ ಫ್ಯಾನಿನಿಂದ ಹಿಡಿದು ಮಿಕ್ಸರ್ ತನಕ ಎಣಿಸಿ ಕಾಪಾಡಿಕೊಂಡು ಬಂದಿದ್ದಳು. ನೂರು ವ್ಯಾಟಿನ ಬಲ್ಬು ಹತ್ತು ತಾಸು ಉರಿದರೆ ಒಂದು ಯುನಿಟ್. ಈ ಸಲ ಬಿಲ್ಲು ಬಂದದ್ದು 30 ರೂಪಾಯಿ. ಆಕೆ ಅದನ್ನು ದೇವರ ಮಾಡದ ಕೆಳಗೆ, ಬಂದವರಿಗೆ ಕಾಣುವಂತೆ ಅಂಟಿಸಿದಳು.

ಮಗಳು ಒಟ್ಟು ಲೆಕ್ಕ ಹಾಕಿದಳು. ವೈರು, ಹೋಲ್ಡರು, ಪಿನ್ನು 310. ಟೈಮರ್ 450. ಫೀಡು 810. ಬಿಲ್ಲು 30. ಕೂಡಿಸಿದರೆ 1,600. ಅಲ್ಲಿಯವರೆಗೆ ಬಂದ ತತ್ತಿ ನಾಲ್ಕು, ಚಿಪ್ಪಿಲ್ಲದ್ದೂ ಸೇರಿ.

"ಒಂದಕ್ಕ ನಾನೂರು ಬೀಳತೈತಿ ಪಪ್ಪಾ. ಅಂಗಡ್ಯಾಗ ಏಳು ರೂಪಾಯಿ."

"ಒಂಬತ್ತು ವ್ಯಾಟಿನ ಎಲ್ಇಡಿ ಹಚ್ಚಿದ್ರೂ ಸಾಕಿತ್ತು, ತಿಂಗಳಿಗೆ ಒಂದು ಯುನಿಟ್ ಆಗ್ತಿರಲಿಲ್ಲ" ಎಂದು ನಾನು ವಿಜ್ಞಾನದ ಮಾನ ಉಳಿಸಲು ನೋಡಿದೆ.

"ಹಂಗಾರ ನೂರ ಯಾಕ ಹಚ್ಚಿದ್ರಿ?"

"ಪುಕ್ಕಟೆ ಸಿಕ್ಕಿತ್ತು."

ಆ ರಾತ್ರಿ ಟೈಮರಿನ ಹೊತ್ತು ಸರಿ ಮಾಡಿ ಹಿತ್ತಲಿನಿಂದ ಒಳಗೆ ಬಂದೆ. ಹತ್ತೂವರೆ ಆಗಿತ್ತು. ಪಡಸಾಲೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಅದರ ಕೆಳಗೆ ಮಷಿನ್ನಿನ ಸಪ್ಪಳ. ಆಕೆ ಓಣಿಯವರ ಜಂಪರು ಹೊಲಿಯುತ್ತಾಳೆ, ಸೀರೆಗೆ ಪಿಕೋ ಫಾಲು ಹಚ್ಚುತ್ತಾಳೆ. ಲಗ್ನದ ಸೀಜನ್ನು. ಎಲ್ಲ ನಾಳೆಗೇ ಬೇಕು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ದಾರ ಹಲ್ಲಿನಿಂದ ಕತ್ತರಿಸಿ ಕೇಳಿದಳು:

"ರೀ, ಆ ಪುಸ್ತಕದಾಗ ಎಷ್ಟ ತಾಸಿಗಿಂತ ಹೆಚ್ಚ ಲೈಟ ಹಾಕಬ್ಯಾಡ ಅಂದಾರ?"

"ಹದಿನಾರು."

"ಹಂಗೇನು." ಸೂಜಿಗೆ ದಾರ ಪೋಣಿಸಿದಳು. "ನಾ ಮುಂಜಾನೆ ಐದಕ್ಕ ಅಡಗಿ ಮನಿ ಲೈಟ ಹಚ್ಚತೀನಿ. ಇದನ್ನ ಆರಸೂದು ಹನ್ನೊಂದಕ್ಕ. ಎಷ್ಟಾತು?"

ಲೆಕ್ಕ ನನಗೆ ಬರುತ್ತದೆ. ಹದಿನೆಂಟು. ಹೇಳಲಿಲ್ಲ. ಆಕೆ ಉತ್ತರಕ್ಕೆ ಕಾಯಲೂ ಇಲ್ಲ, ಮಷಿನ್ನು ಮತ್ತೆ ಸುರುವಾಯಿತು. ನಾನು ಪುಸ್ತಕ ಕಪಾಟಿನಲ್ಲಿಟ್ಟೆ. ಮನೆಯ ಕೋಳಿಗಳಿಗೆ ಎಷ್ಟು ಹೊತ್ತು ಬೆಳಕು ಬೇಕೆಂದು ಒಂದು ತಿಂಗಳು ಓದಿದವನು ನಾನು.

ಮರುದಿನ ಗೂಡಿನ ಬಲ್ಬು ಬಿಚ್ಚಿದೆ. ತತ್ತಿ ಇಡುವ ಕೋಳಿಯ ಬೆಳಕನ್ನು ಒಮ್ಮೆಲೇ ಕಡಿಮೆ ಮಾಡಬಾರದು ಎಂದೂ ಪುಸ್ತಕದಲ್ಲಿತ್ತು. ನಮ್ಮವು ಇಡುತ್ತಲೇ ಇರಲಿಲ್ಲವಾದ್ದರಿಂದ ಆ ನಿಯಮ ನಮಗೆ ಹತ್ತಲಿಲ್ಲ. ಟೈಮರನ್ನು ಒರೆಸಿ ಪಡಸಾಲೆಯ ಟ್ಯೂಬ್‌ಲೈಟಿಗೆ ಹಾಕಿದೆ. ರಾತ್ರಿ ಒಂಬತ್ತಕ್ಕೆ ಆರುವಂತೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳದೆ ಮಾಡಬೇಕು ಎಂದು ಎಲ್ಲೋ ಓದಿದ್ದೆ, ಅದರ ಮುಂದಿನ ಪುಟವನ್ನೂ ಓದಿರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಪಡಸಾಲೆ ಕತ್ತಲಾಯಿತು. ಮಷಿನ್ನು ಗಕ್ಕನೆ ನಿಂತಿತು. ಆಮೇಲೆ ಬಂದ ದನಿ ಮಲಿಕ್-ಎ-ಮೈದಾನದ್ದಲ್ಲ. ಮರುದಿನ ಬೆಳಗಿನ ಅಕ್ಕಿಕಾಳಿಗೆ ಮದುಮಗಳ ಅತ್ತಿಗೆ ಉಡಬೇಕಾದ ಜಂಪರು, ಒಂದು ತೋಳು ಹತ್ತಿತ್ತು, ಇನ್ನೊಂದು ಸೂಜಿಯ ಕೆಳಗಿತ್ತು. ಕತ್ತರಿ ಹಿಡಿದುಕೊಂಡೇ ಆಕೆ ವಿಷಯ ವಿಚಾರಿಸಿದಳು. ಟೈಮರ್ ಬಿಚ್ಚಲು ಗಾಬರಿಯಲ್ಲಿ ನನ್ನಿಂದಾಗಲಿಲ್ಲ. ಹನ್ನೊಂದೂವರೆಯವರೆಗೆ ಎರಡನೆಯ ತೋಳಿಗೆ ಟಾರ್ಚು ಹಿಡಿದು ನಿಂತೆ. ಹನ್ನೆರಡು ರಾತ್ರಿ ಕೋಳಿಗಳಿಗೆ ಹಿಡಿದ ಅಭ್ಯಾಸವಿತ್ತು, ಕೈ ಅಲುಗಲಿಲ್ಲ. ಹೊಲಿಗೆ ಬಹಳ ನೀಟಾಗಿ ಬಂದಿದೆ ಎಂದು ಆ ಅತ್ತಿಗೆ ಹೇಳಿದರಂತೆ.

ಜಂಪರು ಮಡಚಿಟ್ಟು ಆಕೆ ಟೈಮರನ್ನು ಬಹಳ ಹೊತ್ತು ನೋಡಿದಳು.

"ಒಂಬತ್ತಕ್ಕ ಆರಿದ್ರ ಭಾಂಡೆ ಯಾರ ತಿಕ್ಕೋರು?"

ಈ ಪ್ರಶ್ನೆಗೆ ಮನೆಯಲ್ಲಿ ಎಚ್ಚರವಿದ್ದವರು ಇಬ್ಬರೇ. ಅದರಲ್ಲಿ ಒಬ್ಬರು ಪ್ರಶ್ನೆ ಕೇಳಿದವರು.

ಶಿವರಾತ್ರಿ ಕಳೆಯಿತು. ಅವ್ವ ಹೇಳಿದ್ದಂತೆ ಕೋಳಿಗಳು ತಾವಾಗಿ ಇಡತೊಡಗಿದವು. ಮೊದಲು ಉಪ್ಪಲಿ ಬುರುಜು, ಆಮೇಲೆ ಹೊಸ ಪುಕ್ಕದ ಗುಮ್ಮಟ, ಆಮೇಲೆ ಜೋಡಗುಮ್ಮಟ. "ಲೈಟಿನ ಪರಿಣಾಮ ತಡವಾಗಿ ಗೊತ್ತಾಗುತ್ತದೆ" ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ, ಮನೆಯಲ್ಲಿ ಹೇಳಲಿಲ್ಲ. ಬಾರಾಕಮಾನ ಈಗಲೂ ಕೂಗುತ್ತದೆ.

ಟೈಮರ್ ಪಡಸಾಲೆಯಲ್ಲೇ ಇದೆ. ಒಂಬತ್ತಕ್ಕೆ ಟ್ಯೂಬ್‌ಲೈಟ್ ಆರುತ್ತದೆ, ಆಕೆ ಕಾಲು ಚಾಚಿ ಧಾರಾವಾಹಿ ನೋಡುತ್ತಾಳೆ, ನಾನು ಬಚ್ಚಲಿಗೆ ಹೋಗಿ ಭಾಂಡೆಯ ಮುಂದೆ ಕೂಡುತ್ತೇನೆ. ಕರೆಂಟು ಹೋದ ದಿನ ಒಳಗೊಳಗೇ ನನಗೆ ಖುಷಿ. ಗಡಿಯಾರ ಅಷ್ಟು ಹಿಂದೆ ಬಿದ್ದರೆ ಒಂಬತ್ತು ಅಷ್ಟು ತಡವಾಗಿ ಬರಬೇಕಲ್ಲ. ಆದರೆ ಬರುವುದಿಲ್ಲ. ಕರೆಂಟು ಬಂದ ಕೂಡಲೇ ಮಷಿನ್ನು ಬಿಟ್ಟೆದ್ದು, ಕನ್ನಡಕ ಏರಿಸಿ, ಹೊಲಿಗೆ ಸೂಜಿಯ ಮೊನೆಯಿಂದ ಆ ಮುಳ್ಳನ್ನು ಸರಿಯಾದ ಹೊತ್ತಿಗೆ ತಂದು ನಿಲ್ಲಿಸುವವರು ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ.